ಹತ್ತುಮೀನಿಗೆ ದಾರಿ ಬಿಟ್ಟ ಒಪ್ಪಂದ

1912ರ ಏಪ್ರಿಲ್‌ನಲ್ಲಿ, ಅಮೆರಿಕದ ಈಶಾನ್ಯ ತುದಿಯ ಮೇನ್ ರಾಜ್ಯದ ಬ್ಯಾಂಗರ್ ಊರಿನಲ್ಲಿ ಕಾರ್ಲ್ ಆಂಡರ್ಸನ್ ಎಂಬಾತ ಆ ವರ್ಷದ ಮೊದಲ ಸಾಲ್ಮನ್ ಮೀನು ಹಿಡಿದ. ಮನೆಗಳಿಗೆ ಬಣ್ಣ ಬಳಿದು ಬದುಕುತ್ತಿದ್ದವ. ಮೀನನ್ನು ದೇಶದ ಅಧ್ಯಕ್ಷ ಟಾಫ್ಟ್ ಅವರಿಗೆ ಕಾಣಿಕೆಯಾಗಿ ಕಳುಹಿಸಿಕೊಟ್ಟ. ಊರಿಗೆ ಅದು ಎಷ್ಟು ಹಿಡಿಸಿತೆಂದರೆ, ಪೆನಾಬ್‌ಸ್ಕಾಟ್ ನದಿಯ ವರ್ಷದ ಮೊದಲ ಸಾಲ್ಮನ್ ಅಧ್ಯಕ್ಷರಿಗೇ ಸೇರಬೇಕು ಎಂಬ ವಾಡಿಕೆ ಬೆಳೆಯಿತು. ನಡುವೆ ಎಷ್ಟೋ ವರ್ಷ ತಪ್ಪಿಹೋದರೂ ಎಂಬತ್ತು ವರ್ಷ ಅದು ಉಳಿದಿತ್ತು. 1992ರಲ್ಲಿ ಹಿರಿಯ ಜಾರ್ಜ್ ಬುಷ್ ಅವರಿಗೆ ಸಂದ ಮೀನೇ ಕೊನೆಯದು. ಒಂದು ಕಾಲಕ್ಕೆ ವರ್ಷಕ್ಕೆ ಐವತ್ತು ಸಾವಿರದಿಂದ ಒಂದು ಲಕ್ಷದವರೆಗೆ ಸಾಲ್ಮನ್ ಏರಿ ಬರುತ್ತಿದ್ದವು ಎಂಬ ಅಂದಾಜಿರುವ ನದಿಯಲ್ಲಿ, ಗಾಳ ಹಾಕುವುದನ್ನೇ ನಿಲ್ಲಿಸಬೇಕಾದ ದಿನ ಬಂತು.

ಆ ನದಿಗೆ ಮೀನು ಮರಳಿ ಬಂದ ಕಥೆಯನ್ನು ಕನ್ನಡದಲ್ಲಿ ಹೇಳುವುದು ಕಷ್ಟವಲ್ಲ. ಅದರ ಮುಖ್ಯ ಪಾತ್ರಕ್ಕೆ ನಮ್ಮಲ್ಲಿ ಆಗಲೇ ಹೆಸರಿದೆ. ಮುಂಗಾರಿನ ಮೊದಲ ಜೋರು ಮಳೆಗೆ ಹೊಳೆ ಕೆಂಪಾದಾಗ, ಪ್ರವಾಹಕ್ಕೆ ಎದುರಾಗಿ ಹಳ್ಳಕ್ಕೆ, ಹಳ್ಳದಿಂದ ಗದ್ದೆಯಂಚಿಗೆ ಮೊಟ್ಟೆಯಿಡಲು ಏರಿ ಬರುವ ಮೀನನ್ನು ಮಲೆನಾಡಿನವರು ಹತ್ತುಮೀನು ಅನ್ನುತ್ತಾರೆ. ತೀರ್ಥಹಳ್ಳಿ, ಹೊಸನಗರದ ಕಡೆಯ ಬಾಯಲ್ಲಿ ಅದು ಹತ್ಮೀನು. ನಮ್ಮ ಹತ್ತುಮೀನು ಹೊಳೆಯಿಂದ ಗದ್ದೆಗೆ ಹತ್ತುತ್ತದೆ, ಪೆನಾಬ್‌ಸ್ಕಾಟ್‌ನ ಹತ್ತುಮೀನು ಸಮುದ್ರದಿಂದ ನದಿಗೆ. ಸಾಲ್ಮನ್ ಹುಟ್ಟುವುದು ಬೆಟ್ಟದ ತಪ್ಪಲಿನ ತಣ್ಣನೆಯ ತೊರೆಯ ಜಲ್ಲಿಕಲ್ಲುಗಳ ಸಂದಿನಲ್ಲಿ. ಎರಡು ಮೂರು ವರ್ಷ ಸಿಹಿನೀರಿನಲ್ಲಿ ಬೆಳೆದು, ಮೈ ಬೆಳ್ಳಿಯ ಬಣ್ಣಕ್ಕೆ ತಿರುಗಿ, ಉಪ್ಪುನೀರು ತಡೆಯುವ ಶಕ್ತಿ ಬಂದ ಮೇಲೆ ಕೆಳಗಿಳಿದು, ಅಳಿವೆ ದಾಟಿ, ಗ್ರೀನ್‌ಲ್ಯಾಂಡಿನ ಕಡಲಿನವರೆಗೆ ಮೇಯಲು ಹೋಗುತ್ತದೆ. ಅಲ್ಲಿ ಬಲಿತು ತಾನು ಹುಟ್ಟಿದ ನದಿಯನ್ನೇ ಹುಡುಕಿಕೊಂಡು ವಾಪಸು ಬರುತ್ತದೆ. ಮೊಟ್ಟೆಯಿಟ್ಟು ಬದುಕಿ ಉಳಿದರೆ ಮತ್ತೆ ಕಡಲಿಗೆ, ಮತ್ತೆ ನದಿಗೆ. ಈ ಓಡಾಟಕ್ಕೆ ಬೇಕಾದ್ದು ತೆರೆದ ದಾರಿ.

ಸಾಲ್ಮನ್‌ಗೆ ಅಧ್ಯಕ್ಷರ ಮನ್ನಣೆ ಸಿಕ್ಕಿತು. ನದಿಯ ಹೊಟ್ಟೆ ತುಂಬಿಸುತ್ತಿದ್ದದ್ದು ಮಾತ್ರ ಬೇರೆ ಮೀನುಗಳು. ಏಲ್‌ವೈಫ್, ಬ್ಲೂಬ್ಯಾಕ್ ಎಂಬ ಎರಡು ಬಗೆಯ ಹೆರಿಂಗ್ ಹಾಗೂ ಶ್ಯಾಡ್. ಇವು ನಮ್ಮ ಬೂತಾಯಿಯ ದೂರದ ನೆಂಟರು. ಬೂತಾಯಿ ಕಡಲಿನಲ್ಲೇ ಉಳಿಯುತ್ತದೆ. ಗುಣದಲ್ಲಿ ಇವಕ್ಕೆ ಹತ್ತಿರದ್ದು ಬಂಗಾಳದ ಹಿಲ್ಸಾ. 1975ರಲ್ಲಿ ಫರಕ್ಕಾ ಬ್ಯಾರೇಜು ಬಂದ ಮೇಲೆ, ಒಂದು ಕಾಲಕ್ಕೆ ಅಲಹಾಬಾದಿನಾಚೆಗೂ ಹತ್ತುತ್ತಿದ್ದ ಹಿಲ್ಸಾ ಗಂಗೆಯ ಮೇಲ್ಪಾತ್ರದಲ್ಲಿ ಹೇಗೆ ಅಪರೂಪವಾಯಿತು ಎಂಬುದು ನಮ್ಮ ದೇಶದ್ದೇ ಅನುಭವ. ಗೇಣಿಗಿಂತ ತುಸು ಉದ್ದದ ಏಲ್‌ವೈಫ್ ಲಕ್ಷಗಟ್ಟಲೆಯಾಗಿ ಮೇ ತಿಂಗಳಲ್ಲಿ ನದಿಗೆ ಬಂದು ಕೆರೆಗಳಿಗೆ ಹತ್ತಿದರೆ ಹದ್ದು, ನೀರುನಾಯಿ, ದೊಡ್ಡ ಮೀನುಗಳಿಗೆಲ್ಲ ಅದೇ ಊಟ. ಮರಿಗಳು ಶರತ್ಕಾಲದಲ್ಲಿ ಕಡಲಿಗಿಳಿದಾಗ ಅಲ್ಲಿನ ಕಾಡ್ ಮೀನಿಗೂ ಅದೇ ಊಟ. ಮೇನ್ ಕರಾವಳಿಯ ಲಾಬ್‌ಸ್ಟರ್ ಮೀನುಗಾರರು ಬಲೆಪೆಟ್ಟಿಗೆಗೆ ಇಡುವ ಎರೆಯೂ ಇದೇ. ಸಾಲ್ಮನ್ ಮರಿ ಕಡಲಿಗಿಳಿಯುವ ಹೊತ್ತಿಗೇ ಹೆರಿಂಗ್ ದಂಡು ಎದುರು ಬರುತ್ತದೆ. ಬೇಟೆಹಕ್ಕಿಗಳ ಕಣ್ಣು ಆ ದಂಡಿನ ಮೇಲಿರುವಾಗ ಸಾಲ್ಮನ್ ಮರಿ ಪಾರಾಗುವುದು ಸುಲಭ ಎಂದು ಜೀವವಿಜ್ಞಾನಿಗಳು ಹೇಳುತ್ತಾರೆ. ಸಾಲ್ಮನ್ ಒಂದನ್ನೇ ಉಳಿಸುತ್ತೇವೆ ಎಂದು ಹೊರಟರೆ ಸಾಲ್ಮನ್ನೂ ಉಳಿಯುವುದಿಲ್ಲ.

ಪೆನಾಬ್‌ಸ್ಕಾಟ್ ಮೇನ್ ರಾಜ್ಯದ ಅತಿ ದೊಡ್ಡ ನದಿ, ಜಲಾನಯನ ಸುಮಾರು 22 ಸಾವಿರ ಚದರ ಕಿಲೋಮೀಟರ್. ಹತ್ತೊಂಬತ್ತನೇ ಶತಮಾನದಲ್ಲಿ ಬ್ಯಾಂಗರ್ ಮರದ ವ್ಯಾಪಾರಕ್ಕೆ ಹೆಸರಾಗಿತ್ತು. ಕಾಡಿನ ದಿಮ್ಮಿಗಳೆಲ್ಲ ಈ ನದಿಯಲ್ಲೇ ತೇಲಿ ಬರುತ್ತಿದ್ದವು. ಸಾಮಿಲ್ಲುಗಳಿಗಾಗಿ 1830ರ ದಶಕದಿಂದಲೇ ನದಿಗೆ ಅಡ್ಡಗಟ್ಟೆ ಬಿದ್ದವು, ಆಮೇಲೆ ಕಾಗದದ ಕಾರ್ಖಾನೆ, ಆಮೇಲೆ ವಿದ್ಯುತ್ತು. ಬ್ಯಾಂಗರ್‌ನಿಂದ ಸ್ವಲ್ಪ ಮೇಲಕ್ಕೆ ವೀಜಿ ಅಣೆಕಟ್ಟು, ಅದರ ಮೇಲೆ ಗ್ರೇಟ್ ವರ್ಕ್ಸ್, ಅದರ ಮೇಲೆ ಮಿಲ್‌ಫರ್ಡ್, ಉಪನದಿಯಲ್ಲಿ ಹೌಲೆಂಡ್, ಹೀಗೆ ಸಾಲು. ಇವುಗಳಲ್ಲಿ ಕೆಲವಕ್ಕೆ ಮೀನು ಮೆಟ್ಟಿಲುಗಳಿದ್ದವು. ಹಾಗಿದ್ದರೆ ತೊಂದರೆಯೇನು ಎಂದು ಕೇಳಬಹುದು. ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಪ್ರತಿ ಕಟ್ಟೆಯಲ್ಲೂ ನೂರಕ್ಕೆ ತೊಂಬತ್ತು ಮೀನು ದಾಟುತ್ತವೆ ಎಂದುಕೊಳ್ಳೋಣ. ಕೇಳಲು ಚೆನ್ನಾಗಿಯೇ ಇದೆ. ಐದು ಕಟ್ಟೆ ದಾಟುವಷ್ಟರಲ್ಲಿ ನೂರು 59ಕ್ಕೆ ಇಳಿದಿರುತ್ತದೆ. ಕೆಳಗಿಳಿಯುವಾಗಲೂ ಅದೇ ಐದು ಕಟ್ಟೆ, ಈ ಸಲ ಟರ್ಬೈನಿನ ಅಲಗುಗಳ ನಡುವೆ. ಅದೇ ಲೆಕ್ಕ ಮತ್ತೊಮ್ಮೆ ಹಾಕಿದರೆ ಉಳಿಯುವುದು 35. ತೊಂಬತ್ತು ದಾಟುತ್ತವೆ ಎಂಬುದೂ ಹೆಚ್ಚಿನ ಕಡೆ ಆಸೆಯ ಮಾತೇ. ಹೆರಿಂಗ್, ಶ್ಯಾಡ್‌ಗಳು ಸಾಲ್ಮನ್ನಿನಂತೆ ಜಿಗಿಯುವವಲ್ಲ. ಕೆಸರಿನ ತಳದಲ್ಲಿ ತೆವಳಿದಂತೆ ಸಾಗುವ ಸ್ಟರ್ಜನ್ ಮೆಟ್ಟಿಲು ಹತ್ತುವ ಮಾತೇ ಇಲ್ಲ.

ಒಂದು ಮೀನಿಗೆ ಎಷ್ಟು ಇಲಾಖೆ ಎಂಬುದನ್ನೂ ಎಣಿಸಬೇಕು. ಮೊಟ್ಟೆ ಮರಿಯಾಗುವ ಸರ್ಕಾರಿ ಮೀನುಮರಿ ಕೇಂದ್ರ ಇರುವುದು ಕೇಂದ್ರದ ಮೀನು ಮತ್ತು ವನ್ಯಜೀವಿ ಸೇವೆಯ ಕೈಯಲ್ಲಿ. ಅದೇ ಮರಿ ಅಳಿವೆಗೆ ಇಳಿದು ಕಡಲು ಸೇರಿದರೆ ಹೊಣೆ ನೋವಾ ಎಂದು ಕರೆಯುವ ಸಾಗರ ಸಂಸ್ಥೆಯದು, ಅದಿರುವುದು ವಾಣಿಜ್ಯ ಇಲಾಖೆಯ ಕೆಳಗೆ. ಅಣೆಕಟ್ಟಿಗೆ ಪರವಾನಗಿ ಕೊಡುವುದು ಕೇಂದ್ರ ಇಂಧನ ನಿಯಂತ್ರಣ ಆಯೋಗ. ನದಿಯ ಪಾತ್ರದಲ್ಲಿ ಮಣ್ಣು ತುಂಬಲು, ಅಗೆಯಲು ಅನುಮತಿ ಬೇಕಾದರೆ ಸೇನೆಯ ಎಂಜಿನಿಯರುಗಳ ದಳ. ಮೀನು ಎಣಿಸುವುದು ರಾಜ್ಯದ ಸಾಗರ ಸಂಪನ್ಮೂಲ ಇಲಾಖೆ, ನೀರಿನ ಗುಣಮಟ್ಟ ನೋಡುವುದು ರಾಜ್ಯದ ಪರಿಸರ ಇಲಾಖೆ. ಪ್ರತಿಯೊಬ್ಬರ ಮೇಜಿನ ಮೇಲೂ ನದಿಯ ಒಂದೊಂದು ತುಂಡು. ಒಂದು ಅಣೆಕಟ್ಟಿನ ಪರವಾನಗಿ ಮೂವತ್ತು, ನಲವತ್ತು ವರ್ಷಕ್ಕೊಮ್ಮೆ ನವೀಕರಣಕ್ಕೆ ಬರುತ್ತದೆ. ಆಗ ಆ ಒಂದು ಕಟ್ಟೆಯ ಬಗ್ಗೆ ಜಗಳ, ವಕೀಲರು, ವರದಿಗಳು. ಅದು ಮುಗಿಯುವ ಹೊತ್ತಿಗೆ ಮೇಲಿನ ಕಟ್ಟೆಯ ಸರದಿ. ಇಡೀ ನದಿಯನ್ನು ಒಟ್ಟಿಗೆ ನೋಡುವ ಕುರ್ಚಿಯೇ ಇರಲಿಲ್ಲ.

ನದಿಯನ್ನು ಒಟ್ಟಿಗೆ ನೋಡುತ್ತಿದ್ದವರೂ ಇದ್ದರು. ಪೆನಾಬ್‌ಸ್ಕಾಟ್ ಜನ, ಆ ನದಿಯ ಹೆಸರನ್ನೇ ಹೊತ್ತ ಮೂಲನಿವಾಸಿಗಳು. ಓಲ್ಡ್ ಟೌನ್ ಬಳಿ ನದಿಯ ನಡುವಿನ ಇಂಡಿಯನ್ ಐಲೆಂಡ್ ಅವರ ಮುಖ್ಯ ನೆಲೆ. ಮಿಲ್‌ಫರ್ಡ್, ಗ್ರೇಟ್ ವರ್ಕ್ಸ್ ಕಟ್ಟೆಗಳಿದ್ದದ್ದು ಅವರ ಮನೆಯಂಗಳದಲ್ಲೇ ಅನ್ನಬೇಕು. ಹೊಟ್ಟೆಪಾಡಿಗಾಗಿ ಮೀನು ಹಿಡಿಯುವ ಹಕ್ಕನ್ನು 1980ರ ಭೂಹಕ್ಕು ಒಪ್ಪಂದ ಅವರಿಗೆ ಕಾಗದದ ಮೇಲೆ ಕೊಟ್ಟಿತ್ತು. ಹಿಡಿಯಲು ಮೀನು ಇರಲಿಲ್ಲ. ಮುಂದೆ ಅಲ್ಲಿನ ವಿದ್ಯುತ್ ಕಂಪನಿ ಒರೊನೊ ಬಳಿಯ ಬೇಸಿನ್ ಮಿಲ್ಸ್‌ನಲ್ಲಿ ಇನ್ನೊಂದು ಹೊಸ ಅಣೆಕಟ್ಟು ಕಟ್ಟಲು ಹೊರಟಾಗ ಬುಡಕಟ್ಟಿನವರು, ಗಾಳದ ಮೀನುಗಾರರು, ಪರಿಸರ ಸಂಘಟನೆಗಳು, ಸರ್ಕಾರಿ ಮೀನು ಇಲಾಖೆಗಳು ಒಂದೇ ಕಡೆ ನಿಂತರು. 1998ರಲ್ಲಿ ಆಯೋಗ ಆ ಯೋಜನೆಯನ್ನು ತಿರಸ್ಕರಿಸಿತು. ಮರುವರ್ಷ, 1999ರ ಜುಲೈ 1ರಂದು, ಪಕ್ಕದ ಕೆನಬೆಕ್ ನದಿಯಲ್ಲಿ ಎಡ್ವರ್ಡ್ಸ್ ಅಣೆಕಟ್ಟು ಒಡೆಯಿತು. ಮಾಲೀಕರ ಇಚ್ಛೆಗೆ ವಿರುದ್ಧವಾಗಿ ಆಯೋಗವೇ ಪರವಾನಗಿ ನಿರಾಕರಿಸಿ ತೆಗೆಸಿದ ಮೊದಲ ಅಣೆಕಟ್ಟು ಅದು. ಕೆನಬೆಕ್‌ಗೆ ಹೆರಿಂಗ್ ವಾಪಸಾದದ್ದನ್ನು ಕಣ್ಣಾರೆ ಕಂಡ ಮೇಲೆ, ಪೆನಾಬ್‌ಸ್ಕಾಟ್ ದಡದಲ್ಲಿದ್ದವರಿಗೆ ಬೇಡಿಕೆ ಇಡಲು ಧೈರ್ಯ ಬಂತು. ಕಟ್ಟೆಯ ಒಡೆಯರಿಗೆ ಮಾತಿಗೆ ಕೂರಲು ಕಾರಣ ಸಿಕ್ಕಿತು.

ಅದೇ 1999ರಲ್ಲಿ ಆ ಕಟ್ಟೆಗಳನ್ನು ಕೊಂಡ ಪಿಪಿಎಲ್ ಎಂಬ ಕಂಪನಿಗೆ ಬೇಕಾಗಿದ್ದದ್ದು ನಿಶ್ಚಿತತೆ. ಒಂದೊಂದು ಕಟ್ಟೆಗೂ ಹತ್ತು ವರ್ಷ ಕೋರ್ಟು ಕಚೇರಿ ಅಲೆಯುವುದು ಯಾವ ವ್ಯಾಪಾರಿಗೂ ಬೇಡ. ಹಲವು ವರ್ಷದ ಮಾತುಕತೆಯ ಬಳಿಕ 2004ರ ಜೂನ್‌ನಲ್ಲಿ ಸಹಿಯಾದ ಒಪ್ಪಂದದ ತಿರುಳು ಇಷ್ಟು. ವೀಜಿ, ಗ್ರೇಟ್ ವರ್ಕ್ಸ್, ಹೌಲೆಂಡ್ ಎಂಬ ಮೂರು ಅಣೆಕಟ್ಟುಗಳನ್ನು ಕಂಪನಿ ಮಾರಬೇಕು. ಕೊಳ್ಳುವುದು ಬುಡಕಟ್ಟು ಮತ್ತು ಪರಿಸರ ಸಂಘಟನೆಗಳು ಸೇರಿ ಕಟ್ಟಿದ ಪೆನಾಬ್‌ಸ್ಕಾಟ್ ನದಿ ಪುನಶ್ಚೇತನ ಟ್ರಸ್ಟ್. ಬೆಲೆ ಎರಡೂವರೆ ಕೋಟಿ ಡಾಲರ್. ಬದಲಿಗೆ ಉಳಿದ ಆರು ಅಣೆಕಟ್ಟುಗಳಲ್ಲಿ ಉತ್ಪಾದನೆ ಹೆಚ್ಚಿಸಿಕೊಳ್ಳಲು ಕಂಪನಿಗೆ ಎಲ್ಲರ ಒಪ್ಪಿಗೆ. ಕೆಲವು ಕಡೆ ನೀರಿನ ಮಟ್ಟವನ್ನು ತುಸು ಏರಿಸಿದರು. ಸ್ಟಿಲ್‌ವಾಟರ್ ಎಂಬ ಕವಲಿನಲ್ಲಿ ಹೊಸ ವಿದ್ಯುದಾಗಾರಗಳನ್ನು ಕಟ್ಟಿದರು. ಕಡಲಿಗೆ ಹತ್ತಿರದ ಎರಡು ಕಟ್ಟೆ ಹೋದವು, ನದಿಯ ಒಟ್ಟು ವಿದ್ಯುತ್ತು ಮಾತ್ರ ಕಡಿಮೆಯಾಗಲಿಲ್ಲ.

ಈ ಲೆಕ್ಕವನ್ನು ಇನ್ನೊಮ್ಮೆ ನೋಡುವುದು ಒಳ್ಳೆಯದು, ಏಕೆಂದರೆ ಇಡೀ ಕಥೆಯ ಕೀಲು ಇದರಲ್ಲೇ ಇದೆ. ಕಟ್ಟೆ ಕಟ್ಟೆಗೂ ಬೇರೆಬೇರೆ ಲೆಕ್ಕ ಬರೆದರೆ ಮೀನಿಗೆ ಸಿಕ್ಕಿದ್ದೆಲ್ಲ ವಿದ್ಯುತ್ತಿಗೆ ನಷ್ಟ, ವಿದ್ಯುತ್ತಿಗೆ ಸಿಕ್ಕಿದ್ದೆಲ್ಲ ಮೀನಿಗೆ ನಷ್ಟ. ಇಡೀ ನದಿಗೆ ಒಂದೇ ಲೆಕ್ಕಪುಸ್ತಕ ತೆರೆದಾಗ ಬೇರೆ ವಿಷಯ ಕಾಣುತ್ತದೆ. ಮೀನಿಗೆ ಅತಿ ಹೆಚ್ಚು ಅಡ್ಡಿಯಾದ ಕಟ್ಟೆಯೇ ಅತಿ ಹೆಚ್ಚು ವಿದ್ಯುತ್ತು ಕೊಡುವ ಕಟ್ಟೆಯಾಗಿರಬೇಕೆಂದಿಲ್ಲ. ಕಡಲಿನಿಂದ ಬರುವ ಮೀನಿಗೆ ಬಾಗಿಲಲ್ಲೇ ಇರುವ ಕಟ್ಟೆ ತೆಗೆದರೆ ಪ್ರಯೋಜನ ಹೆಚ್ಚು. ಮೀನು ಕಡಿಮೆ ಓಡಾಡುವ ಕವಲಿನಲ್ಲಿ ಟರ್ಬೈನು ಹಾಕಿದರೆ ಹಾನಿ ಕಡಿಮೆ. ಆ ಪುಸ್ತಕ ತೆರೆಯಲು ಕಂಪನಿ, ಬುಡಕಟ್ಟು, ಕೇಂದ್ರದ ಒಳನಾಡು ಇಲಾಖೆ, ರಾಜ್ಯದ ಇಲಾಖೆಗಳು, ಐದು ಸಂಘಟನೆಗಳು ಒಂದೇ ಮೇಜಿನ ಸುತ್ತ ಕೂರಬೇಕಾಯಿತು. ಆಮೇಲೆ ನೇಚರ್ ಕನ್ಸರ್ವೆನ್ಸಿಯೂ ಸೇರಿತು. ಸಹಭಾಗಿತ್ವ ಎಂಬ ಪದ ನಮ್ಮಲ್ಲಿ ಆಮಂತ್ರಣ ಪತ್ರಿಕೆಯಲ್ಲಿ ಲಾಂಛನಗಳ ಸಾಲಾಗಿ ಉಳಿದುಬಿಡುವುದೇ ಹೆಚ್ಚು. ಇಲ್ಲಿ ಪ್ರತಿಯೊಬ್ಬರೂ ಏನನ್ನೋ ಬಿಟ್ಟುಕೊಟ್ಟರು. ಕಂಪನಿ ಮೂರು ಕಟ್ಟೆ ಬಿಟ್ಟಿತು. ಪರಿಸರದವರು ಉಳಿದ ಕಟ್ಟೆಗಳ ಮೇಲಿನ ತಕರಾರು ಬಿಟ್ಟರು. ಅವರಿಗೆ ಅದು ಸುಲಭದ ಮಾತಾಗಿರಲಿಲ್ಲ.

ದುಡ್ಡು ಕೂಡಿಸಲು ವರ್ಷಗಳೇ ಹಿಡಿದವು. ಯೋಜನೆಯ ಒಟ್ಟು ವೆಚ್ಚ ಆರು ಕೋಟಿ ಡಾಲರಿನ ಆಸುಪಾಸು, ಒಂದಿಷ್ಟು ಖಾಸಗಿ ದೇಣಿಗೆ, ಒಂದಿಷ್ಟು ಸರ್ಕಾರದ್ದು. 2008ರ ಆರ್ಥಿಕ ಕುಸಿತದ ನಂತರ ಉದ್ಯೋಗ ಸೃಷ್ಟಿಗೆಂದು ಅಮೆರಿಕದ ಕೇಂದ್ರ ಸರ್ಕಾರ ಬಿಡುಗಡೆ ಮಾಡಿದ ಹಣದಲ್ಲಿ ಒಂದು ಪಾಲು ನೋವಾ ಮೂಲಕ ಗ್ರೇಟ್ ವರ್ಕ್ಸ್ ಒಡೆಯುವ ಕೆಲಸಕ್ಕೆ ಬಂತು. ಟ್ರಸ್ಟ್ ಅಣೆಕಟ್ಟುಗಳನ್ನು ಕೊಂಡದ್ದು 2010ರ ಕೊನೆಗೆ. 2012ರ ಜೂನ್‌ನಲ್ಲಿ ಗ್ರೇಟ್ ವರ್ಕ್ಸ್‌ಗೆ ಯಂತ್ರಗಳಿಳಿದವು. 2013ರ ಜುಲೈ 22ರಂದು ವೀಜಿ ಒಡೆಯಿತು. ಸುತ್ತಿಗೆ ಕಟ್ಟಿದ ಯಂತ್ರ ಕಾಂಕ್ರೀಟಿನಲ್ಲಿ ಒಂದು ಕಿಂಡಿ ಕೊರೆದಾಗ ಹೊರಬಂದದ್ದು ಪ್ರವಾಹವೇನಲ್ಲ. ಹಿನ್ನೀರು ನಿಧಾನವಾಗಿ ಇಳಿಯಿತು. ತಲೆಮಾರುಗಳಿಂದ ನೀರಿನಡಿ ಇದ್ದ ಬಂಡೆಗಳು ಮೇಲೆ ಕಂಡವು, ಸರೋವರದಂತೆ ನಿಂತಿದ್ದ ಕಡೆ ನೀರು ಸದ್ದು ಮಾಡತೊಡಗಿತು. ಬಂಡೆಗಳ ಜಾಗ ಎಂಬ ಅರ್ಥ ತಮ್ಮ ಹೆಸರಿನಲ್ಲೇ ಇರುವ ಜನಕ್ಕೆ ಆ ಸದ್ದು ಏನಾಗಿ ಕೇಳಿಸಿರಬಹುದು! ಹೌಲೆಂಡಿನ ಊರವರಿಗೆ ತಮ್ಮ ಹಿನ್ನೀರು ಬೇಕಿತ್ತು. ಅಲ್ಲಿ ಕಟ್ಟೆಯನ್ನು ಹಾಗೇ ಬಿಟ್ಟು, ವಿದ್ಯುತ್ ಉತ್ಪಾದನೆ ನಿಲ್ಲಿಸಿ, ಬದಿಯಲ್ಲಿ ಕಲ್ಲು ಹಾಸಿದ ತೊರೆಯಂಥ ಬಳಸುದಾರಿ ತೋಡಿದರು. ಊರವರ ಮಾತಿಗೆ ಬೆಲೆ ಸಿಕ್ಕಿತು, ಮೀನಿಗೂ ದಾರಿ ಸಿಕ್ಕಿತು.

ಈಗ ಕಡಲಿನಿಂದ ಬರುವ ಮೀನಿಗೆ ಎದುರಾಗುವ ಮೊದಲ ಕಟ್ಟೆ ಮಿಲ್‌ಫರ್ಡ್. ಅಲ್ಲಿ 2014ರಿಂದ ಮೀನಿನ ಲಿಫ್ಟ್ ಇದೆ. ಕಟ್ಟೆಯ ಬುಡದಲ್ಲಿ ರಭಸವಾಗಿ ನೀರು ಬಿಟ್ಟು ಮೀನನ್ನು ಒಂದು ಓಣಿಗೆ ಸೆಳೆಯುತ್ತಾರೆ. ಎದುರುನೀರು ಕಂಡರೆ ಅತ್ತ ತಿರುಗುವುದು ಹತ್ತುಮೀನಿನ ಸ್ವಭಾವ. ಓಣಿಯ ಕೊನೆಗೆ ಬಾವಿಯ ಬಕೆಟ್ಟಿನಂತೆ ದೊಡ್ಡ ತೊಟ್ಟಿ. ಮೀನು ತುಂಬಿದಾಗ ಹಿಂದಿನ ಬಾಗಿಲು ಮುಚ್ಚಿ, ನೀರಿನ ಸಮೇತ ತೊಟ್ಟಿಯನ್ನು ಮೇಲಕ್ಕೆತ್ತಿ, ಕಟ್ಟೆಯ ಮೇಲಿನ ಕಾಲುವೆಗೆ ಸುರಿಯುತ್ತಾರೆ. ಮೇ, ಜೂನ್‌ನಲ್ಲಿ ಇದು ದಿನವಿಡೀ ಏರಿಳಿಯುತ್ತದೆ. ರಾಜ್ಯದ ಸಿಬ್ಬಂದಿ ಅಲ್ಲೇ ಎಣಿಕೆ ಇಡುತ್ತಾರೆ, ಬಂದ ಸಾಲ್ಮನ್‌ಗಳಲ್ಲಿ ಕೆಲವನ್ನು ಮರಿ ಮಾಡಿಸಲು ಕ್ರೇಗ್ ಬ್ರೂಕ್ ಎಂಬ ಸರ್ಕಾರಿ ಮೀನುಮರಿ ಕೇಂದ್ರಕ್ಕೆ ಒಯ್ಯುತ್ತಾರೆ.

ಆ ಎಣಿಕೆಯೇ ಮಾತಾಡುತ್ತದೆ. ಕಟ್ಟೆ ಒಡೆಯುವ ಮುಂಚೆ ವೀಜಿಯಲ್ಲಿ ಹೆರಿಂಗ್ ಹತ್ತುತ್ತಿದ್ದದ್ದು ಹೇಳಿಕೊಳ್ಳುವಂತಿರಲಿಲ್ಲ. ಒಡೆಯುವ ಮೊದಲೇ ರಾಜ್ಯದ ಇಲಾಖೆ ಬೇರೆಡೆಯ ಏಲ್‌ವೈಫ್‌ಗಳನ್ನು ಲಾರಿಯಲ್ಲಿ ತಂದು ಮೇಲಿನ ಕೆರೆಗಳಿಗೆ ಬಿಟ್ಟಿತ್ತು. ಅಲ್ಲಿ ಹುಟ್ಟಿದ ಮರಿಗಳು ಕಡಲಿಗಿಳಿದು, ಮೂರು ನಾಲ್ಕು ವರ್ಷದ ಮೇಲೆ ಹುಟ್ಟಿದ ಕೆರೆ ಹುಡುಕಿಕೊಂಡು ಬರುವ ಹೊತ್ತಿಗೆ ದಾರಿ ತೆರೆದಿತ್ತು. 2016ರಲ್ಲಿ ಮಿಲ್‌ಫರ್ಡ್‌ನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಹೆರಿಂಗ್, 2018ರಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು. ವೀಜಿಯ ಮೇಲೆ ನೂರು ವರ್ಷ ಕಾಣದಿದ್ದ ಶಾರ್ಟ್‌ನೋಸ್ ಸ್ಟರ್ಜನ್ 2015ರಲ್ಲಿ ಅಲ್ಲಿ ಕಾಣಿಸಿಕೊಂಡಿತು. ಕಟ್ಟೆ ಒಡೆಯುವವರು ಒಬ್ಬರು, ಲಾರಿಯಲ್ಲಿ ಮೀನು ಸಾಗಿಸುವವರು ಇನ್ನೊಬ್ಬರು, ಲಿಫ್ಟ್ ನಡೆಸುವವರು ಮತ್ತೊಬ್ಬರು. ಒಬ್ಬರ ತಾರೀಖು ಇನ್ನೊಬ್ಬರಿಗೆ ಗೊತ್ತಿಲ್ಲದಿದ್ದರೆ ಲಾರಿಯಲ್ಲಿ ತಂದ ಮೀನಿನ ಮಕ್ಕಳು ಮುಚ್ಚಿದ ಬಾಗಿಲಿಗೆ ಬಂದು ತಲೆ ಚಚ್ಚಿಕೊಳ್ಳುತ್ತಿದ್ದವು.

ಸಾಲ್ಮನ್ ವಿಷಯದಲ್ಲಿ ಇಷ್ಟು ಸಂತೋಷದಿಂದ ಬರೆಯಲಾರೆ. 2009ರಲ್ಲಿ ಪೆನಾಬ್‌ಸ್ಕಾಟ್‌ನ ಸಾಲ್ಮನ್ ಅಳಿವಿನಂಚಿನ ಪಟ್ಟಿಗೆ ಸೇರಿತು. ಇವತ್ತಿಗೂ ಕೆಟ್ಟ ವರ್ಷವಾದರೆ ಕೆಲವು ನೂರು, ಒಳ್ಳೆಯ ವರ್ಷವಾದರೆ ಸಾವಿರದ ಮೇಲೆ ಕೆಲವು ನೂರು. ಬರುವ ಮೀನಿನಲ್ಲಿ ಬಹುಪಾಲು ಸರ್ಕಾರಿ ಕೇಂದ್ರದಲ್ಲಿ ಹುಟ್ಟಿ ಬಿಟ್ಟ ಮರಿಗಳೇ. ಅವಕ್ಕೆ ಬೇಕಾದ ತಣ್ಣನೆಯ ತೊರೆಗಳು ಇನ್ನೂ ಮೇಲೆ, ಉಳಿದ ಕಟ್ಟೆಗಳ ಆಚೆ ಇವೆ. ಮಿಲ್‌ಫರ್ಡ್ ಬುಡದಲ್ಲಿ ಲಿಫ್ಟಿನ ಬಾಗಿಲು ಹುಡುಕುತ್ತ ಸಾಲ್ಮನ್ ದಿನಗಟ್ಟಲೆ ಸುತ್ತುತ್ತದೆ. ಬೇಸಗೆಯ ನೀರಿನಲ್ಲಿ ಆ ಸುತ್ತಾಟಕ್ಕೇ ಅದರ ಕಸುವು ಸೋರಿಹೋಗುತ್ತದೆ. ಮೇನ್ ಕೊಲ್ಲಿ ಜಗತ್ತಿನ ಬಹುತೇಕ ಕಡಲುಗಳಿಗಿಂತ ಬೇಗ ಬಿಸಿಯಾಗುತ್ತಿದೆ. ಯಾವ ಇಲಾಖೆಯ ಒಪ್ಪಂದಕ್ಕೂ ಸಿಗದ ಅಡ್ಡಗಟ್ಟೆ ಅದು.

ಇನ್ನೊಂದು ಗಾಯ ನದಿಯ ಬಾಯಲ್ಲಿದೆ. 1967ರಿಂದ 2000ದವರೆಗೆ ಆರಿಂಗ್ಟನ್ ಎಂಬಲ್ಲಿ ನಡೆದ ರಾಸಾಯನಿಕ ಕಾರ್ಖಾನೆ ಟನ್‌ಗಟ್ಟಲೆ ಪಾದರಸವನ್ನು ನದಿಗೆ ಬಿಟ್ಟಿತು. ನದಿಯ ಕೆಳಭಾಗದಲ್ಲಿ ಉಬ್ಬರ ಇಳಿತದ ನೀರು ದಿನಕ್ಕೆರಡು ಸಲ ಮೇಲೆ ಕೆಳಗೆ ಹೋಗುತ್ತದೆ, ಪಾದರಸ ಹೊತ್ತ ಹೂಳನ್ನೂ ಹಾಗೇ ಆಡಿಸುತ್ತದೆ. ಅದು ಕೊನೆಗೆ ಕೂರುವುದು ಮೆಂಡಲ್ ಮಾರ್ಶ್‌ನಂಥ ಉಪ್ಪುಜೌಗಿನಲ್ಲಿ. ಜೌಗಿನ ಹಸಿ ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಮೈಗೆ ಹತ್ತುವ ಮೀಥೈಲ್ ಪಾದರಸವಾಗಿ ಮಾಡುತ್ತವೆ. ಅಲ್ಲಿಂದ ಹುಳುವಿಗೆ, ಹುಳುವಿನಿಂದ ಗುಬ್ಬಚ್ಚಿಗೆ, ಬಾತುಕೋಳಿಗೆ. 2014ರಲ್ಲಿ ನದಿಯ ಬಾಯಲ್ಲಿ ಲಾಬ್‌ಸ್ಟರ್, ಏಡಿ ಹಿಡಿಯುವುದನ್ನೇ ನಿಲ್ಲಿಸಬೇಕಾಯಿತು. ಅಲ್ಲಿ ಮೇಜಿನ ಸುತ್ತ ಕೂತು ಮುಗಿಯಲಿಲ್ಲ. 2000ದಲ್ಲಿ ಹೂಡಿದ ದಾವೆ ಇತ್ಯರ್ಥವಾದದ್ದು 2022ರಲ್ಲಿ, ಕಾರ್ಖಾನೆಯ ಕಂಪನಿ ಕನಿಷ್ಠ 18.7 ಕೋಟಿ ಡಾಲರ್ ಕೊಡಬೇಕೆಂದು. ಮೀನಿಗೆ ದಾರಿ ಬಿಡಿಸಿದ್ದಕ್ಕಿಂತ ಮೂರು ಪಟ್ಟು ದುಡ್ಡು. ಕಾಂಕ್ರೀಟಾದರೆ ಯಂತ್ರ ತಂದು ಒಡೆಯಬಹುದು. ಜೌಗಿನೊಳಗೆ ಇಳಿದ ವಿಷವನ್ನು ಜೌಗು ಕೆಡಿಸದೆ ತೆಗೆಯುವುದು ಹೇಗೆ? ಆ ಕೆಲಸ ಇನ್ನೂ ಮುಂದಿದೆ.

ಇನ್ನು, ಇದನ್ನೆಲ್ಲ ಮೊದಲು ಕೇಳಿದ ಜನದ ವಿಷಯ. 2012ರ ಬೇಸಗೆಯಲ್ಲಿ, ಗ್ರೇಟ್ ವರ್ಕ್ಸ್ ಒಡೆಯುತ್ತಿದ್ದ ದಿನಗಳಲ್ಲೇ, ಪೆನಾಬ್‌ಸ್ಕಾಟ್ ಬುಡಕಟ್ಟು ಮೇನ್ ರಾಜ್ಯದ ವಿರುದ್ಧ ನ್ಯಾಯಾಲಯಕ್ಕೆ ಹೋಗಬೇಕಾಯಿತು. ನದಿಯ ದ್ವೀಪಗಳು ನಿಮ್ಮವು, ದ್ವೀಪಗಳ ಸುತ್ತಲಿನ ನೀರು ನಿಮ್ಮದಲ್ಲ ಎಂದು ರಾಜ್ಯದ ಅಟಾರ್ನಿ ಜನರಲ್ ಹೇಳಿದ್ದರು. ಒಂಬತ್ತು ವರ್ಷದ ಮೇಲೆ, 2021ರ ಜುಲೈನಲ್ಲಿ ಮೇಲ್ಮನವಿ ನ್ಯಾಯಾಲಯವೂ ಹಾಗೇ ತೀರ್ಪಿತ್ತಿತು. 2022ರಲ್ಲಿ ಸುಪ್ರೀಂ ಕೋರ್ಟ್ ಪ್ರಕರಣವನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿತು. ನದಿ ಬದುಕಿಸುವ ಮೇಜಿನಲ್ಲಿ ಅದೇ ರಾಜ್ಯದ ಜೊತೆ ಪಕ್ಕದಲ್ಲಿ ಕೂತವರನ್ನು, ನೀರು ಯಾರದೆಂಬ ಪ್ರಶ್ನೆ ಬಂದಾಗ ಎದುರುಪಕ್ಷದಲ್ಲಿ ನಿಲ್ಲಿಸಲಾಯಿತು. ಓದಿದಾಗಲೆಲ್ಲ ನನಗೆ ಸಂಕಟವಾಗುವ ತೀರ್ಪು ಇದು.

ಆದರೂ ಅವರು ಮೇಜು ಬಿಟ್ಟು ಎದ್ದಿಲ್ಲ. ಅವರ ನೈಸರ್ಗಿಕ ಸಂಪನ್ಮೂಲ ಇಲಾಖೆ ಇಂದಿಗೂ ಕೇಂದ್ರ, ರಾಜ್ಯದ ಜೀವವಿಜ್ಞಾನಿಗಳ ಜೊತೆ ನದಿಯಲ್ಲಿ ಕೆಲಸ ಮಾಡುತ್ತಿದೆ. ದಾರಿಗಡ್ಡವಾದ ಮೋರಿಗಳನ್ನು ತೆಗೆಸುವ, ಕೆರೆಯ ಬಾಯಿಗೆ ಮೀನು ಮೆಟ್ಟಿಲು ಕಟ್ಟಿಸುವ ಸಣ್ಣಸಣ್ಣ ಕೆಲಸಗಳು ಮೇಲಿನ ತೊರೆಗಳಲ್ಲಿ ಸಾಗಿವೆ. ಹೊಟ್ಟೆಪಾಡಿಗೆ ಸಾಲ್ಮನ್ ಹಿಡಿಯುವ ಹಕ್ಕು ಅವರಿಗೆ ಈಗಲೂ ಇದೆ. ಸಂಖ್ಯೆ ಇಷ್ಟು ಕಡಿಮೆ ಇರುವಾಗ ಹಿಡಿಯಬಾರದೆಂದು ಅವರೇ ತೀರ್ಮಾನಿಸಿಕೊಂಡಿದ್ದಾರೆ. ಮಿಲ್‌ಫರ್ಡ್‌ನ ತೊಟ್ಟಿ ಮೇ ತಿಂಗಳಲ್ಲಿ ಏರಿ ಇಳಿಯುವಾಗ ಇಂಡಿಯನ್ ಐಲೆಂಡಿನ ಪಕ್ಕದ ನೀರಿನಲ್ಲಿ ಸಾಲ್ಮನ್ ಹಾದುಹೋಗುತ್ತದೆ. ದಡದಲ್ಲಿರುವವರು ಅದನ್ನು ಮೇಲಕ್ಕೆ ಹೋಗಲು ಬಿಡುತ್ತಾರೆ.